ಕುದ್ರುವಿಗೂ ಒಂದು ಮತ

ಕಂಕನಾಡಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಎರಡು ಸರ್ವರುಗಳಿಗೆ ಹೆಸರಿಟ್ಟವನು ಬೆಂಗ್ರೆಯ ಇಮ್ತಿಯಾಝ್:
ನೇತ್ರಾವತಿ, ಫಲ್ಗುಣಿ.
ಒಬ್ಬಳು ದುಡಿಯುವಾಗ ಇನ್ನೊಬ್ಬಳು ಕೂತು
ಅವಳ ಎದೆಬಡಿತ ಎಣಿಸುತ್ತಾಳೆ,
ಸೆಕೆಂಡಿಗೊಮ್ಮೆ: ಇದ್ದೀಯಾ, ಇದ್ದೇನೆ. ಇದ್ದೀಯಾ, ಇದ್ದೇನೆ.

ಈಗ ನಾನು ತುಂಬಬೇಕಾದ ಫಾರಮ್ಮು:
ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು?
"ಐದೇ ಸೆಕೆಂಡು ಹಾಕಿ ಮಾರಾಯ್ರೆ," ಸಾಲ್ಯಾನರಿಗೆ ಅವಸರ,
"ರಕ್ತನಿಧಿಯ ಲೆಕ್ಕ ನಿಂತರೆ ಯಾರು ಉತ್ತರ ಕೊಡುವುದು?"
ಕಂಪನಿಯ ಹುಡುಗ ಮೂವತ್ತು ಎನ್ನುತ್ತಾನೆ,
ಯಾಕೆಂದು ಕೇಳಿದರೆ ಎಲ್ಲರೂ ಹಾಗೇ ಹಾಕುವುದಂತೆ.

ನನಗೆ ನೆನಪಾದದ್ದು ಮೂರನೇ ಮಹಡಿಯ ಸಿಸ್ಟರ್ ಎಮಿಲ್ಡಾ.
ಪರದೆಯ ಗೆರೆ ನೆಟ್ಟಗಾಗಿ ಯಂತ್ರ ಕಿರುಚಿದರೆ
ಅವಳು ಮೊದಲು ಮುಖ ನೋಡುತ್ತಾಳೆ;
ಆಮೇಲೆ, ಎದೆಯ ಮೇಲೆ ಬೆವರಿಗೆ ಬಿಟ್ಟುಹೋದ ಅಂಟುಪಟ್ಟಿ.
ಅಜ್ಜ ಕಣ್ಣು ತೆರೆದು ಕೇಳುತ್ತಾರೆ: ಎಂತಾಯ್ತು?
ಎಂತದೂ ಇಲ್ಲ, ವಯರು.

ನಮಗೋ, ನೋಡಲು ಮುಖವಿಲ್ಲ.
ನೇತ್ರಾವತಿ ಸತ್ತಳೋ, ನಡುವಿನ ಕೇಬಲನ್ನು ಇಲಿ ಕಡಿಯಿತೋ,
ಫಲ್ಗುಣಿಗೆ ಎರಡೂ ಒಂದೇ ಮೌನ.
ಹೋದ ವರ್ಷ ಮೇ ತಿಂಗಳ ಮೊದಲ ಗುಡುಗಿಗೆ ಹಾಗೇ ಆಯಿತು.
ಇಬ್ಬರೂ ಬದುಕಿದ್ದರು. ಇಬ್ಬರೂ
ಇನ್ನೊಬ್ಬಳ ತಿಥಿ ಮುಗಿಸಿ ಯಜಮಾನಿಕೆಗೆ ಕೂತರು,
ಅಳಿವೆ ಒಂದೇ ಇರುವ ಊರಿನಲ್ಲಿ.
ಹನ್ನೊಂದು ನಿಮಿಷ,
ಒಂದೇ ಓ ನೆಗೆಟಿವ್ ಚೀಲ ಎರಡು ಹಾಸಿಗೆಗೆ ಬರೆದಾಗಿತ್ತು.
ಎಮಿಲ್ಡಾಳೇ ಫ್ರಿಜ್ಜು ತೆರೆದು, ಬೆರಳು ಮಡಿಚಿ ಎಣಿಸಿದ್ದು.

ಅದಕ್ಕೇ ಕುದ್ರುವನ್ನು ತಂದೆ.
ಬಿಲ್ಲಿಂಗಿನವರು ಬಿಸಾಡಿದ ಹಳೇ ಪೆಟ್ಟಿಗೆ;
ದುಡಿಮೆಯಿಲ್ಲ, ದಾಖಲೆಯಿಲ್ಲ, ಇರುವುದೊಂದು ಮತ.
ನೀರಿನ ನಡುವೆ ಕೂತು ಎರಡೂ ದಡ ನೋಡುವುದು.
ಯಾರು ಅದಕ್ಕೆ ಕಾಣುತ್ತಾಳೋ ಅವಳು ಹರಿಯಲಿ,
ಇಬ್ಬರೂ ಕಂಡರೆ, ಮೊದಲು ಕೂಗಿದವಳು.
ಉಳಿದವಳು, ಬದುಕಿದ್ದರೂ, ಬರೆಯುವುದನ್ನು ನಿಲ್ಲಿಸಲಿ.

ಬದುಕಿದ್ದರೂ, ಎಂದು ಟೈಪು ಮಾಡುವಾಗ ಕೈ ಸ್ವಲ್ಪ ತಡೆಯಿತು.

ಹನ್ನೆರಡು ಸೆಕೆಂಡು ಬರೆದೆ.
ಎಮಿಲ್ಡಾ ಬಾಗಿಲಿನಿಂದ ಕೊನೆಯ ಹಾಸಿಗೆಗೆ ನಡೆಯುವ ಹೊತ್ತು,
ಗಡಿಯಾರ ಹಿಡಿದು ನೋಡಿದ್ದೆ.
ಸಾಲ್ಯಾನರಿಗೆ ಬೇರೆ ಕಾರಣ ಹೇಳಿದೆ.

ಕೊನೆಯ ಚೌಕ ಇನ್ನೂ ಖಾಲಿ:
ಚೇತರಿಸಿಕೊಂಡು ಮರಳಿದವಳಿಗೆ ಜಾಗ ಕೂಡಲೇ ಬಿಟ್ಟುಕೊಡಬೇಕೋ?
ಬೇಡ ಎನ್ನುತ್ತಾನೆ ಇಮ್ತಿಯಾಝ್. ಹಗಲಂತೂ ಬೇಡ.
ಒಂದೆರಡು ರಾತ್ರಿ ಸುಮ್ಮನೆ ಕೂತಿರಲಿ, ಎದೆಬಡಿತ ಎಣಿಸಲಿ.
ಟೈಫಾಯ್ಡ್ ಮುಗಿಸಿ ಮೊನ್ನೆಯಷ್ಟೇ ಬಂದವನು,
ಸ್ಟೂಲಿನ ಮೇಲೆ ಕೂತು ಹೇಳುತ್ತಾನೆ.
ಅವನ ಕುರ್ಚಿಯಲ್ಲಿ ಕೂತು ನಾನು
ಹೌದು, ಇಲ್ಲಗಳ ನಡುವೆ
ಬಾಣದ ಗುರುತು ಆಡಿಸುತ್ತಿದ್ದೇನೆ.