ಗಾಳಿಚೀಲ

ಮೂರೂವರೆ ಮೀಟರ್ ಕೇಸರಿ, ಎರಡು ಮೀಟರ್ ಬಿಳಿ.
ಬಿರಾಜದಾರ ಮಾಮಾ ಬಟ್ಟಿ ಇಟ್ಟು ಹೇಳಿದ:
"ಆನಿ ಸೊಂಡಿಲಿನಂಗ ಇರಬೇಕ್ ನೋಡು,
ಬಾಯಿ ಅಗಲ, ಬಾಲ ಸಣ್ಣದು.
ಗಾಳಿ ಹೊಕ್ಕು ಹೊರಬೀಳಬೇಕು."
ಪೈರಣ, ಪರಕಾರ, ಕುಬಸ ಹೊಲಿದ ಕೈ ಇದು,
ಗಾಳಿಯ ಅಳತಿ ಯಾವತ್ತೂ ತಗೊಂಡಿದ್ದಿಲ್ಲ.

ಅಕ್ಕಲಕೋಟ ದಾಟಿ, ಜೋಳದ ಹೊಲ ಮುಗಿದಲ್ಲಿ
ತೆಂಕಲ ಬಡಗಲ ಮಲಗಿದ ಒಂದು ಡಾಂಬರ ಪಟ್ಟಿ,
ಒಂದು ತಗಡಿನ ಶೆಡ್ಡು.
ಕಲಿಯೋ ಹುಡುಗರು ಏರತಾರ, ಇಳೀತಾರ.
ಅಂಗಡಿ ಮ್ಯಾಲ ಹಾದಾಗೆಲ್ಲ
ನನ್ನ ಬಾಬಿನ್ ಡಬ್ಬಿ ಸಣ್ಣಗ ನಡಗತದ.

ಆ ಮಂಗಳವಾರ ಗಾಳಿ ಅಡ್ಡ ಇತ್ತು.
ಹೆಂಗ ಗೊತ್ತಂದ್ರ, ಎದುರಿನ ಮನಿ ಸೀರಿ
ತಂತಿ ಮ್ಯಾಲ ಪಡುವಲಕ್ಕ ಕೈ ಚಾಚಿ ನಿಂತಿತ್ತು.
ವಿಮಾನದ ದನಿ ಇಳೀತಾ ಬಂತು, ಸೂಜಿ ಹಂಗ
ಒಮ್ಮೆ ನೆಲ ಚುಚ್ಚಿತು, ಎದ್ದಿತು,
ಮತ್ತ ಚುಚ್ಚಿತು,
ಆಮ್ಯಾಲ ದಾರ ಹರಿದಂಗ
ಎಲ್ಲಾ ಸುಮ್ಮನಾತು.

ಸೈಕಲ್ ತುಳದು ಹೋದೆ, ಕೊರಳಾಗ ಟೇಪು ಹಂಗೇ.
ಎರಿ ಮಣ್ಣಿನ ಕಡಲಿ ಹೊಲದಾಗ ಮೂಗು ಊರಿತ್ತು,
ಬಿಸಿ ಇಸ್ತ್ರಿ ತಾಗಿದ ನೈಲಾನ್ ಕಾಲರಿನಂಗ
ಪಂಖಾ ಮಡಚಿಕೊಂಡಿತ್ತು.
ಕಡಲಿಯ ಹುಳಿ ವಾಸನಿಗೆ ಪೆಟ್ರೋಲ್ ಕೂಡಿತ್ತು.
ಒಬ್ಬಾಕಿ ಹುಡುಗಿ ಕೆಳಗ ಇಳದು,
ಅಳಲಿಲ್ಲ, ಏನಿಲ್ಲ,
ಬೂಟಿಗೆ ಹತ್ತಿದ ಮಣ್ಣ
ಕಟಗಿಲೆ ಕೆರೀತಿದ್ಲು, ಕೆರೀತಾನೇ ಇದ್ಲು.

ಎಲ್ಲಾರೂ ಆಕಿನ್ನ ನೋಡಿದರು.
ನಾ ಕಂಬ ನೋಡಿದೆ.
ಬಳಿಯ ಕೆಳಗ ನನ್ನ ಹೊಲಿಗಿ ಒಂದು ಗೇಣು ಬಿಟ್ಟಿತ್ತು.
ಅಷ್ಟು ಗಾಳಿಯಾಗ ಚೀಲ ಜೋತುಬಿದ್ದು
ಗಾಳೀನ ಇಲ್ಲ ಅಂತಿತ್ತು.

ಆಗ ಹರೀತೋ, ಮೊದಲೇ ಹರಿದಿತ್ತೋ?
ದೂರದಿಂದ ಬಂದ ಸಾಹೇಬರು ಟಾಯರಿನ ಗೆರಿ ಅಳೆದರು,
ನಟ್ಟು ಬೋಲ್ಟು ಆರಿಸಿ ಪ್ಲಾಸ್ಟಿಕ್ಕಿಗೆ ಹಾಕಿದರು,
ಹಿಂದಿ, ಮರಾಠಿ, ಇಂಗ್ಲಿಷಿನಾಗ ಬರಕೊಂಡರು.
ಕನ್ನಡದಾಗ ಯಾರೂ ಏನೂ ಕೇಳಲಿಲ್ಲ.
ರಾತ್ರಿ ಮಾಮಾ ಚೀಲ ಇಳಿಸಿ ತಂದ.
"ಎರಡು ಹೊಲಿಗಿ ಹಾಕು" ಅಂದ, ಮಾರಿ ನೋಡಲಿಲ್ಲ.
ನಾ ಮೂರು ಹಾಕಿದೆ.

ಒಂಬತ್ತನೇ ದಿನ ಆಕಿನೇ ಬಂದ್ಲು.
ಶರ್ವರಿ ಅಂತ ಎದಿ ಮ್ಯಾಲ ಹೆಸರು.
ಬಿಳಿ ಅಂಗಿ, ಬೆಲ್ಟು ಜಗ್ಗಿದಲ್ಲಿ ಹೆಗಲು ಕಿತ್ತಿತ್ತು.
"ಕಾಕಾ, ನಾಳೆ ಹಾರೋದು. ಇವತ್ತ ಆಗಬೇಕು."
ಅದೂ ಹರಕು ಮುರಕು ಕನ್ನಡದಾಗ.
ಬಿಳಿ ದಾರ ಎದುರಿಗೇ ಇತ್ತು,
ಹುಡುಕೋ ನೆವದಾಗ ತಲಿ ತಗ್ಗಿಸಿದೆ.
ನಾಲಿಗಿ ತುದಿಗೆ ಬಂದದ್ದನ್ನ
ದಾರದ ಕೂಡ ಹಲ್ಲಿಲೆ ಕಡದೆ.

ಎಷ್ಟು ಅಂದ್ಲು. ಏನೂ ಬ್ಯಾಡ ಅಂದೆ.
ಹತ್ತು ರೂಪಾಯಿ ಮಷಿನ್ನಿನ ಮ್ಯಾಲ ಇಟ್ಟು ಹೋದ್ಲು.
ಗಾಳಿ ಬಂದು ನೋಟು ಎತ್ತಿತು.
ಅದನ್ನ ಹಿಡೀಲಿಲ್ಲ ನಾ,
ಯಾವ ಕಡೆ ಹೊಂಟದ ಅಂತ
ಎದ್ದು ನೋಡಿದೆ.