ಒಂದು ಬಕೆಟ್ ತೇವ

ಸುದ್ದಿ ಬಂದದ್ದು ಐದನೇ ಪುಟದಲ್ಲಿ,
ಬೋಟು ಹರಾಜಿನ ಪ್ರಕಟಣೆಯ ಕೆಳಗೆ:
ಕೋಡಿಬಾಗದ ಚಿತ್ರಶಾಲೆಗೆ ಈ ಸಾಲಿನಿಂದ
ನಿರ್ವಹಣಾ ಅನುದಾನ ಇಲ್ಲ.
ಹೊಸ ನಾಮಫಲಕಕ್ಕೆ ಮಾತ್ರ ನಾಲ್ಕು ಲಕ್ಷ,
ಅದು ಬೇರೆ ಲೆಕ್ಕಶೀರ್ಷಿಕೆ.

ಮೇಡಂ ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.
"ಪುಂಡಲೀಕ, ಆ ಯಂತ್ರ ಬಂದ್ ಮಾಡಿಬಿಡು."

ತೇವ ಹೀರುವ ಯಂತ್ರ. ಒಂಬತ್ತು ವರ್ಷ
ದಿನಾ ಬೆಳಿಗ್ಗೆ ಅದರ ಹೊಟ್ಟೆಯಿಂದ ಒಂದು ಬಕೆಟ್ ನೀರು
ನಾನೇ ಹೊತ್ತು ದಾಸವಾಳದ ಬುಡಕ್ಕೆ ಸುರಿದವನು.
ಕಡಲೇ ಅದು.
ರಾತ್ರಿ ಕಿಟಕಿಯ ಸಂದಿಯಲ್ಲಿ ನುಸುಳಿ
ಆನೆಯನ್ನು ನೆಕ್ಕಲು ಬಂದು ಸಿಕ್ಕಿಬಿದ್ದ ಕಡಲು.

ಆನೆ ಕಾವಿಯದು. ಕುಮಟೆ ಕಡೆ ಗುಡಿ ಕೆಡವುವಾಗ
ಗೋಡೆಯನ್ನೇ ಕೊಯ್ದು ತಂದದ್ದು: ಸುಣ್ಣ, ಕೆಮ್ಮಣ್ಣು,
ಕಾಲಡಿಯಲ್ಲಿ ಯಾವನೋ ಕೆಲಸಗಾರ
ಊಟದ ಹೊತ್ತಿಗೆ ಗೀರಿಟ್ಟ ಸಣ್ಣ ಏಡಿ.
ಏಡಿಯ ಬಗ್ಗೆ ಕ್ಯಾಟಲಾಗಿನಲ್ಲಿ ಒಂದು ಮಾತೂ ಇಲ್ಲ.
ಶಾಲೆಯ ಮಕ್ಕಳಿಗೆ ನಾನೇ ತೋರಿಸಬೇಕು, ಕುಕ್ಕರಗಾಲಲ್ಲಿ ಕೂತು.

ಯಂತ್ರ ನಿಂತು ಹನ್ನೆರಡು ದಿನ.
ಆನೆಯ ಹೊಟ್ಟೆಯ ಮೇಲೆ ಬಿಳಿ ಪುಡಿ.
ಬೆರಳಿಗೆ ಹಚ್ಚಿ ನಾಲಗೆಗೆ ಇಟ್ಟೆ. ಉಪ್ಪೇ.

ಮೇಡಂ ಬೆಂಗಳೂರಿಗೆ ಬರೆಯುತ್ತಲೇ ಇದ್ದಾರೆ.
ಅಲ್ಲಿಯ ಕಪಾಟಿನಲ್ಲಿ ಕಾಗದ ಮೆತ್ತಗಾಗುವುದಿಲ್ಲವಂತೆ,
ತೇವ ಅಂದರೆ ಅವರಿಗೆ ಹೇಗೆ ತಿಳಿಯಬೇಕು.

ಇವತ್ತು ಫಲಕ ಬಂತು. ಸ್ಟೀಲು, ಮೂರು ಭಾಷೆ.
ಹೊತ್ತುತಂದವರು "ಎಲ್ಲಿ ಒರಗಿಸಲಿ?" ಅಂದರು.
"ಏಡಿಗೆ ತಾಗದ ಹಾಗೆ" ಅಂದೆ.
ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬೆಳಿಗ್ಗೆ ಈಗಲೂ ಮರೆತು ಬಕೆಟ್ ಎತ್ತುತ್ತೇನೆ.
ಭಾರಕ್ಕೆಂದು ಬಿಗಿದ ತೋಳು
ಸುಮ್ಮನೆ ಮೇಲಕ್ಕೆ ಹಾರುತ್ತದೆ.