ಎಡಮಗ್ಗುಲು

ಮೊದಲ ವಾರ ನನಗೆ ಏನೂ ಕೇಳಲಿಲ್ಲ.
ಸೀನಿಯರ್ ಮಾರಿದ ಹಳೆಯ ಸ್ಟೆತಸ್ಕೋಪು,
ಅದರ ಕಿವಿಗಳನ್ನು ಹಿಂದುಮುಂದಾಗಿ ಸಿಕ್ಕಿಸಿಕೊಂಡು
ಬೀದರಿನ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ
ಗಂಭೀರವಾಗಿ ತಲೆಯಾಡಿಸಿದೆ.
ಹಾಸಿಗೆಯ ಮುದುಕ ಕೇಳಿದ: ಹ್ಯಾಂಗದ?
ಚಲೋ ಅದ, ಅಂದೆ.
ಆತನ ಎದೆ ನನ್ನ ಪಾಲಿಗೆ ಬಾಗಿಲು ಹಾಕಿದ ಅಂಗಡಿ.

ಕಿವಿ ತಿರುಗಿಸಿಕೊಂಡ ಮೇಲೆ ಎಲ್ಲವೂ ಕೇಳಿತು,
ಫ್ಯಾನು, ಟ್ರಾಲಿಯ ಕುಂಟು ಗಾಲಿ,
ನನ್ನದೇ ಬೆರಳು ರಬ್ಬರಿಗೆ ಉಜ್ಜುವುದು,
ಅಂಗಿಯ ಗುಂಡಿ. ಎದೆಯೊಂದು ಬಿಟ್ಟು.
ಹತ್ತು ಗಂಟೆಗೆ ವಾಯುಪಡೆಯ ಹುಡುಗರು
ವಿಮಾನ ಕಲಿಯಲು ಮೇಲೇಳುತ್ತಾರೆ.
ಆಗ ವಾರ್ಡಿನಲ್ಲಿ ಕಲಿಯುವವರೆಲ್ಲ
ಕೊಳವೆ ಕೊರಳಿಗೆ ಹಾಕಿಕೊಂಡು ಕಾಯುತ್ತೇವೆ,
ಆಕಾಶ ತನ್ನ ಪಾಠ ಮುಗಿಸುವವರೆಗೆ.

ಪುಸ್ತಕ ಅದನ್ನು ಮರ್ಮರ್ ಅನ್ನುತ್ತದೆ.
ಕೊನೆಗೊಂದು ಅಕಾರ ಸೇರಿಸಿದರೆ ನಮ್ಮದೇ ಮಾತು,
ಎಲೆಗೆ ಎಲೆ ತಾಕಿದ ಸದ್ದು.
ಆದರೆ ಎಲೆ ಎಲ್ಲಿ, ಗಾಳಿ ಎಲ್ಲಿ?
ಹಲಬರ್ಗೆ ಮೇಡಂ ಮೇಜು ಬಡಿದು ತೋರಿಸಿದರು:
ಡಬ್. ಟ-ಟಕ್. ರ್ರ್ರ್.
ಬರೆದುಕೊಂಡೆ. ಬರೆದದ್ದನ್ನು ರಾತ್ರಿ ಓದಿದರೆ
ಕೆಟ್ಟ ಆಟೋ ನಿಂತ ಹಾಗಿತ್ತು.

ಹುಮನಾಬಾದಿನಲ್ಲಿ ನಮ್ಮಪ್ಪ ಪಂಪು ರಿಪೇರಿಯವನು.
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ,
ಹಿಡಿ ಕಿವಿಯ ಎಲುಬಿಗೆ,
ಕಣ್ಣು ಮುಚ್ಚಿ ನಿಲ್ಲುವನು; ಬಾಯೊಳಗಿನ ಅಡಿಕೆಯೂ ನಿಲ್ಲುವುದು.
"ಹಿಂದಿನ ಬೇರಿಂಗ್ ಹೋಗ್ಯಾದ."
ಫೋನಿನಲ್ಲಿ ಕೇಳಿದೆ, ನಿನಗ ಹ್ಯಾಂಗ ತಿಳೀತದಪ್ಪಾ?
"ಚಲೋ ಮೋಟಾರು ಸಾವಿರ ಕೇಳೀನಿ.
ಕೆಟ್ಟಿದ್ದು ಬಂದಾಗ ಕಿವಿನೇ ಹೇಳ್ತದ."
ಎಣಿಸಿಕೊಂಡೆ. ನನ್ನವು ಹತ್ತೊಂಬತ್ತು ಎದೆ.

ಹದಿನಾಲ್ಕನೇ ಹಾಸಿಗೆ ಚಂದ್ರಭಾಗಾಬಾಯಿಯದು.
ಮೂವತ್ತೊಂದು ವರ್ಷ, ಔರಾದ ಕಡೆಯವಳು,
ಭಾಲ್ಕಿಯ ಖಾನಾವಳಿಗೆ ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವಳು.
ಸಣ್ಣಾಕಿ ಇದ್ದಾಗ ಮೊಣಕಾಲು ಬಾತು ಜ್ವರ ಬಂದಿತ್ತಂತೆ.
ಬಾವು ಇಳಿಯಿತು. ಜ್ವರ ಹೋಗುವಾಗ
ಎದೆಯೊಳಗಿನ ಒಂದು ಕದವನ್ನು ಅರ್ಧ ಬೆಸೆದು ಹೋಯಿತು.
ಎರಡು ದಿನದಲ್ಲಿ ನಲವತ್ತು ಮಂದಿ ಆಕೆಯನ್ನು ಕೇಳಿದ್ದರು.

ನಾನು ಬಟ್ಟಲಿನ ಬದಿಯನ್ನು ಒತ್ತಿ ಹಿಡಿದೆ.
"ಒತ್ತಬ್ಯಾಡ್ರಿ ಬಾಯಿ," ಅಂದಳು,
"ಒತ್ತಿದ್ರ ಅದು ಓಡಿ ಹೋಗ್ತದಂತ."
ತಾನೇ ಎಡಮಗ್ಗುಲಿಗೆ ಹೊರಳಿದಳು.
ನನ್ನ ಕೈ ಹಿಡಿದು ಎರಡು ಬೆರಳು ಕೆಳಗೆ ಸರಿಸಿದಳು.
"ನಿನ್ನಿ ಮೇಡಂ ನನಗೂ ಕೇಳಿಸ್ಯಾರ.
ರೊಟ್ಟಿ ಬಡದಂಗ ಅದ. ಅಂಗೈ ಜೋರ್ ಬೀಳ್ತದ,
ರೊಟ್ಟಿ ತಿರಗ್ತದ, ಆಮ್ಯಾಲ
ಹಿಟ್ಟಿನ ಮ್ಯಾಲ ಸರ್ರಂತ ಜಾರ್ತದ ನೋಡ್ರಿ,
ಆ ಜಾರೂದು ಕೇಳ್ರಿ."
ನಾನು ಹೇಳುವ ಮೊದಲೇ
ಉಸಿರು ಹೊರಗೆ ಬಿಟ್ಟು, ತಡೆದಳು.

ಬಡಿತ ಬಂತು. ಬಿಟ್ಟೆ.
ಇನ್ನೊಂದು ಬಂತು. ಅದನ್ನೂ ಬಿಟ್ಟೆ.
ಎರಡರ ನಡುವಿನ ತೆರಪಿನಲ್ಲಿ, ಬಹಳ ಕೆಳಗೆ,
ಗೋಡೆಯಾಚೆ ಯಾರೋ
ಬೀಸುಕಲ್ಲನ್ನು ಅರ್ಧ ಸುತ್ತು ತಿರುಗಿಸಿ
ಕೈ ತೆಗೆದಂತೆ.
ಮತ್ತೆ. ಮತ್ತೆ.
"ಬಂತು!" ಎಂದು ಕೂಗಿಬಿಟ್ಟೆ.
ವಾರ್ಡಿಗೆ ವಾರ್ಡೇ ತಿರುಗಿ ನೋಡಿತು.

ಆಕೆ ನಕ್ಕಳು, ಏದುಸಿರಿನಲ್ಲಿ.
"ಕೇಳ್ತಾ? ಚಲೋ ಅದಲ್ರಿ?"

ನನ್ನ ಹಿಗ್ಗು ಇನ್ನೂ ಮುಖದ ಮೇಲೇ ಇತ್ತು,
ಎಲ್ಲಿ ಇಡಬೇಕೋ ತಿಳಿಯಲಿಲ್ಲ.
ಏನೂ ಕೇಳದ ದಿನ ಅದೇ ಮಾತು
ಎಷ್ಟು ಸಲೀಸಾಗಿ ಬಂದಿತ್ತು ಬಾಯಿಗೆ.
"ಸಾಫ್ ಕೇಳ್ತು," ಅಂದೆ. ಅಷ್ಟೇ.

ಅಷ್ಟಕ್ಕೇ ಆಕೆಗೆ ಸಮಾಧಾನ.
ಸೆರಗು ಸರಿಮಾಡಿಕೊಂಡು
ನನ್ನ ಬೆನ್ನ ಹಿಂದಿನ ಹುಡುಗನನ್ನು ಕರೆದಳು:
"ಬಾರಪ್ಪಾ, ಈಗ ನಿಂದು ಪಾಳಿ."
ಮತ್ತೆ ಎಡಮಗ್ಗುಲು.
ಅಷ್ಟರಲ್ಲಿ ಮೇಲೆ ವಿಮಾನ ಎದ್ದಿತು.
ಹುಡುಗ ಕೊಳವೆ ಕೊರಳಿಗೆ ಇಳಿಸಿ ಕಿಟಕಿ ನೋಡಿದ.
ಆಕೆ ಆಗಲೇ ಉಸಿರು ತಡೆದಿದ್ದಳು.
ಉಸಿರು ತಗೋರಿ ಬಾಯಿ, ಅಂದೆ, ತಗೋರಿ.
ನನ್ನ ಮಾತು ನನಗೇ ಕೇಳಲಿಲ್ಲ.